ಮೇಜುಬಟ್ಟೆಯ ಕೆಳಗಿನ ಕೈ

ಜುಲೈ ಕೊನೆಯ ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಅತ್ತೆಗೆ ಒಂದು ಮಾತು ಅಂದೆ. ಮರುದಿನ ಬೆಳಗ್ಗೆ ಏಳುವಷ್ಟರಲ್ಲಿ ನನ್ನ ಧ್ವನಿ ಹೋಗಿತ್ತು. ಎರಡಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಮ್ಮ ಬೀದಿಯ ಹೆಂಗಸರು ಒಪ್ಪಲಿಲ್ಲ. ಜುಲೈ ಇಲ್ಲಿ ಕಡುಬೇಸಿಗೆ, ಎಲ್ಲರ ಮನೆಯ ಕಿಟಕಿಗಳೂ ತೆರೆದಿರುತ್ತವೆ, ನಾನು ಅಂದದ್ದು ಎದುರುಮನೆಯ ಮೂರನೇ ಮಹಡಿಗೂ ಕೇಳಿತ್ತು.

ಫ್ಲಾರೆನ್ಸಿಗೆ ಬರುವ ಪ್ರವಾಸಿಗಳಿಗೆ ಊರು ತೋರಿಸುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಹಸಿರು ಕೊಡೆ ಎತ್ತಿ ಹಿಡಿದು ಇಗರ್ಜಿಯಿಂದ ಅರಮನೆಗೆ, ಅರಮನೆಯಿಂದ ಸೇತುವೆಗೆ ನಡೆದಿದ್ದೇನೆ. ಜೊತೆಯವರೆಲ್ಲ ಈಗ ಪ್ರವಾಸಿಗಳ ಕಿವಿಗೆ ಸಣ್ಣ ಯಂತ್ರ ಸಿಕ್ಕಿಸಿ, ತಾವು ಮೈಕಿನಲ್ಲಿ ಪಿಸುಗುಟ್ಟುತ್ತಾರೆ. ನಾನು ಮಾತ್ರ ಹಾಗೆ ಮಾಡಲಿಲ್ಲ. ನನ್ನ ಧ್ವನಿ ದೊಡ್ಡ ಇಗರ್ಜಿಯ ಕೊನೆಯ ಕಂಬದವರೆಗೆ ಹೋಗುತ್ತದೆ ಎಂಬ ಜಂಬ ನನಗೆ.

ಆ ಭಾನುವಾರ ಬೆಳಗಿನಿಂದ ಎರಡು ಗುಂಪು ಮುಗಿಸಿ ಬಂದಿದ್ದೆ. ಅಡುಗೆಮನೆಯಲ್ಲಿ ಬೆಂಕಿಯಂಥ ಸೆಕೆ. ಅತ್ತೆ ಜೆಲಿಂದಾ ಹಳಸಿದ ಬ್ರೆಡ್ಡಿಗೆ ಟೊಮೆಟೊ, ಕಾಮಕಸ್ತೂರಿ ಹಾಕಿ ಗಂಜಿ ಮಾಡಿದ್ದರು.

"ಕಾಗೆ ಥರ ಆಗಿದೆ ನಿನ್ನ ಗಂಟಲು," ಎಂದರು, ತಟ್ಟೆಗೆ ಬಡಿಸುತ್ತಾ. "ಬಾಯಿಗೆ ಸ್ವಲ್ಪ ರಜ ಕೊಡು ದೊನಾ."

"ಅಜ್ಜಿ ಹೇಳೋದು ಸರಿ," ಎಂದಳು ಮಗಳು ತೆಸ್ಸಾ. "ಆ ಮೈಕು ಕೊಂಡ್ಕೋ ಅಂತ ನಾನೂ ಬಡ್ಕೋತಿದೀನಿ."

"ಊರಿಗೆಲ್ಲ ಗೋಡೆ ತೋರಿಸ್ತಾಳೆ, ಮನೇಲಿ ಕಿಟಕಿ ಗಾಜು ಒರೆಸಿ ಎಷ್ಟು ತಿಂಗಳಾಯ್ತೋ," ಎಂದು ಅತ್ತೆ ಸೇರಿಸಿದರು. ಅವರಿಗೆ ಅದು ತಮಾಷೆ. ದಿನವೂ ಇಂಥದ್ದೊಂದು ಹೇಳುತ್ತಿದ್ದರು.

ನನಗೆ ಅವತ್ತು ತಮಾಷೆಯಾಗಲಿಲ್ಲ.

"ನಾನು ಬಾಯಿ ಮುಚ್ಚಿದ್ರೆ ಈ ಮನೆ ಒಲೆ ಉರಿಯುತ್ತಾ?" ಎಂದೆ. "ಇಪ್ಪತ್ತಾರು ವರ್ಷದಿಂದ ನೀವು ಕೂತು ತಿಂತಿರೋದು ಯಾರ ಗಂಟಲಿಂದ ಅಂದ್ಕೊಂಡಿದೀರಿ?"

ಗಂಡ ವಿಯೇರಿ ಚಮಚ ಕೆಳಗಿಟ್ಟ. ಎದುರುಮನೆಯ ಕಿಟಕಿಯಲ್ಲಿ ರೇಡಿಯೋ ಸದ್ದು ಕಡಿಮೆಯಾಯಿತು. ಅತ್ತೆಯ ಮುಖ ಬಿಳಿಚಿಕೊಂಡಿತು. ಸಿಟ್ಟಿನಲ್ಲಿ ಅವರ ಮುಖ ಕೆಂಪಗಾಗುತ್ತಿತ್ತೇ ಹೊರತು ಬಿಳಿಚಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರು ತಮ್ಮ ತಟ್ಟೆ ಎತ್ತಿಕೊಂಡು ಒಲೆಯ ಪಕ್ಕದ ಕಿಟಕಿ ಕಟ್ಟೆಯ ಮೇಲಿಟ್ಟು, ನಮಗೆ ಬೆನ್ನು ಹಾಕಿ ನಿಂತು ತಿಂದು ಮುಗಿಸಿದರು.

"ಬಾಮ್ಮ, ಕೂತ್ಕೋ," ಎಂದ ವಿಯೇರಿ.

"ಕೂತು ತಿಂದಿದ್ದು ಸಾಕು," ಎಂದರು. "ಸೆಪ್ಟೆಂಬರಲ್ಲಿ ಕಂದೀಲು ಹಬ್ಬ ಮುಗೀಲಿ. ರೊಸ್ಸಾನಾಗೆ ಫೋನ್ ಮಾಡು, ಬಂದು ಕರ್ಕೊಂಡ್ ಹೋಗ್ಲಿ."

ರೊಸ್ಸಾನಾ ನನ್ನ ನಾದಿನಿ. ಪ್ರಾತೋದಲ್ಲಿರುತ್ತಾಳೆ, ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಅತ್ತೆಗೆ ನದಿ ದಾಟಿ ಆಚೆ ದಡದ ಮಾರುಕಟ್ಟೆಗೆ ಹೋಗುವುದೇ ಪರದೇಶ. ಎಂಬತ್ತು ವರ್ಷವನ್ನು ಈ ಒಂದೇ ಕೇರಿಯಲ್ಲಿ, ಸಾನ್ ಫ್ರೆದಿಯಾನೋದಲ್ಲಿ, ಕಳೆದವರು.

*

ಸ್ವರತಂತುವಿನ ಮೇಲೆ ಗಂಟು ಬೆಳೆದಿತ್ತು. ಆ ಶುಕ್ರವಾರವೇ ತೆಗೆದರು. "ಎರಡು ವಾರ ಒಂದಕ್ಷರ ಮಾತಾಡೋ ಹಾಗಿಲ್ಲ," ಎಂದರು ಡಾಕ್ಟರು. "ಪಿಸುಮಾತೂ ಇಲ್ಲ. ಅದು ಕೂಗೋದಕ್ಕಿಂತ ಕೆಟ್ಟದ್ದು. ಮಾತಾಡಿದ್ರೆ ಈ ಕೆಲಸಾನೇ ಮರೆತುಬಿಡಿ."

ತೆಸ್ಸಾ ತನ್ನ ಬಾಲ್ಯದ ಕಪ್ಪು ಹಲಗೆ ಹುಡುಕಿ ಕೊಟ್ಟಳು. ಆಸ್ಪತ್ರೆಯಿಂದ ಬಂದವಳೇ ಅದರ ಮೇಲೆ 'ಕ್ಷಮಿಸಿ ಅತ್ತೆ' ಎಂದು ಬರೆದು ಅಡುಗೆಮನೆಗೆ ಹೋದೆ. ಅತ್ತೆ ಬೀನ್ಸ್ ಸುಲಿಯುತ್ತಿದ್ದರು, ನಿಂತುಕೊಂಡೇ. ಹಲಗೆ ನೋಡಿದರು. ಕನ್ನಡಕ ಹಣೆಯ ಮೇಲಿತ್ತು, ಇಳಿಸಿಕೊಳ್ಳಲಿಲ್ಲ. ಹಲಗೆಯನ್ನು ಬೋರಲು ಹಾಕಿ ಅದರ ಮೇಲೇ ಬೀನ್ಸ್ ಸಿಪ್ಪೆ ಸುರಿದರು.

"ಒಂದೇ ಸೂರಿನ ಕೆಳಗಿರೋರು ಕಾಗದ ಬರೀತಾರಾ?" ಎಂದರು. "ಬಾಯಲ್ಲಿ ಅಂದಿದ್ದನ್ನ ಬಾಯಲ್ಲೇ ವಾಪಸ್ ತಗೋಬೇಕು. ಹಬ್ಬದವರೆಗೂ ಇಲ್ಲೇ ಇರ್ತೀನಿ. ಧ್ವನಿ ಬಂದ್ರೆ ಹೇಳು, ಕೇಳ್ತೀನಿ. ಬರದಿದ್ರೆ ಅದು ನಿನ್ನ ಹಣೆಬರಹ, ನಂದೂ."

ಹಾಗೆ ನಮ್ಮ ಮನೆಯಲ್ಲಿ ಒಬ್ಬಳು ಮಾತಾಡದವಳು, ಒಬ್ಬರು ಕೂರದವರು.

ಕೂರದಿರುವುದನ್ನು ಅತ್ತೆ ಒಂದು ವ್ರತದ ಹಾಗೆ ನಡೆಸಿದರು. ಬೆಳಗಿನ ಕಾಫಿ ನಿಂತು, ಮಧ್ಯಾಹ್ನದ ಊಟ ನಿಂತು. ವಿಯೇರಿ ಕುರ್ಚಿ ಎಳೆದುಕೊಟ್ಟರೆ ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುತ್ತಿದ್ದರು. ಮೊಣಕಾಲು ಊದಿಕೊಂಡಿತು.

"ನಿಮ್ಮಿಬ್ರ ಮಧ್ಯೆ ನಾನು ಸಾಯ್ತೀನಿ," ಎಂದ ವಿಯೇರಿ. ಅವನು ಬೀದಿಯ ತಿರುವಿನಲ್ಲಿ ಚಿತ್ರಗಳಿಗೆ ಮರದ ಚೌಕಟ್ಟು ಮಾಡುತ್ತಾನೆ, ಸ್ವಭಾವದಲ್ಲಿ ಅಷ್ಟೇನೂ ಮಾತಿನವನಲ್ಲ. ನಾನು ಮಾತು ನಿಲ್ಲಿಸಿದ ಮೇಲೆ ಮನೆಯ ಎಲ್ಲ ಮಾತೂ ಅವನ ತಲೆಯ ಮೇಲೆ ಬಿತ್ತು. "ಗ್ಯಾಸಿನವನಿಗೂ ನಾನೇ, ಮೇಲ್ಮನೆಯವರ ನಲ್ಲಿ ಸೋರಿದ್ರೂ ನಾನೇ. ಇಷ್ಟೆಲ್ಲ ಮಾತಾಡ್ತಿದ್ಯಾ ನೀನು ದಿನಾ?"

ನಾನು ಹೌದೆಂದು ತಲೆಯಾಡಿಸಿದೆ. ಅವನು ಹೋಗಿ ಅಂಗಡಿಯ ಬಾಗಿಲು ಹಾಕಿಕೊಂಡು ಗರಗಸ ಎಳೆದ.

ಮನೆಯಲ್ಲೇ ಉಳಿದ ಮೇಲೆ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಅತ್ತೆ ಐದೂವರೆಗೆ ಏಳುತ್ತಾರೆ. ಸೆಕೆ ಏರುವ ಮುಂಚೆ ನಾಲ್ಕು ಮಹಡಿ ಇಳಿದು, ಬ್ರೆಡ್ಡು ತರಕಾರಿ ಹೊತ್ತು ಹತ್ತಿ ಬರುತ್ತಾರೆ. ನನ್ನ ಕೆಲಸದ ಬಿಳಿ ಅಂಗಿಗಳ ಕಾಲರನ್ನು ಕೈಯಲ್ಲಿ ಉಜ್ಜುತ್ತಾರೆ. ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಮಾಡಿದ ಕೈ ಅದು. ಕಿಟಕಿ ಗಾಜು ಒರೆಸುವುದೊಂದೇ ನನ್ನ ಪಾಲಿನದು. ಅದನ್ನೂ ನಾನು ಮಾಡಿರಲಿಲ್ಲ.

ಮೊದಲ ವಾರವೇ ಎಲ್ಲ ಕಿಟಕಿ ಒರೆಸಿದೆ. ಅತ್ತೆ ಬೆರಳಲ್ಲಿ ಗಾಜು ಮುಟ್ಟಿ ನೋಡಿ, "ಮೂಲೆ ಬಿಟ್ಟಿದೀಯ," ಎಂದರು.

ಮಾತಾಡದವಳ ಹತ್ತಿರ ಜನ ಬಂದು ಮಾತಾಡುತ್ತಾರೆ. ಒಂದು ಮಧ್ಯಾಹ್ನ ತೆಸ್ಸಾ ನನ್ನ ಮಂಚದ ತುದಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾ ಹೇಳಿದಳು: "ಸಣ್ಣವಳಿದ್ದಾಗ ಪ್ರತಿ ಭಾನುವಾರ ಮ್ಯೂಸಿಯಮ್ಮಿಗೆ ಚಿತ್ರ ನೋಡೋಕೆ ಎಳ್ಕೊಂಡ್ ಹೋಗ್ತಿದ್ದೆಯಲ್ಲ, ನಂಗೆ ಅಳು ಬರ್ತಿತ್ತು ಅಮ್ಮ. ಚಿತ್ರ ಚೆನ್ನಾಗೇ ಇರ್ತಿತ್ತು. ಆದ್ರೆ ನಾನು ನೋಡೋ ಮುಂಚೆ ನೀನು ಹೇಳಿ ಮುಗಿಸ್ತಿದ್ದೆ."

ನನ್ನ ಕೈ ಹಲಗೆಗೆ ಹೋಯಿತು.

"ಬೇಡ," ಎಂದಳು. "ಸುಮ್ನೆ ಕೇಳಿಸ್ಕೋ ಸಾಕು. ಬಲಗಾಲು ಕೊಡು, ನಿಂಗೂ ಹಚ್ತೀನಿ."

*

ಆಗಸ್ಟ್ ಹದಿನಾರಕ್ಕೆ ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, "ಊತ ಇಳಿದಿಲ್ಲ. ಇನ್ನು ಮೂರು ವಾರ ಬಾಯಿ ಬಿಡಬೇಡಿ," ಎಂದರು. ಧ್ವನಿ ಬರುತ್ತದೋ ಇಲ್ಲವೋ ಎಂದು ವಿಯೇರಿ ಕೇಳಿದ್ದಕ್ಕೆ, "ನೋಡೋಣ," ಎಂದಷ್ಟೇ ಹೇಳಿದರು.

ಮೂರು ವಾರ ಎಂದರೆ ಸೆಪ್ಟೆಂಬರ್ ಆರು. ಕಂದೀಲು ಹಬ್ಬ ಏಳಕ್ಕೆ. ಎಂಟನೇ ತಾರೀಖು, ಭಾನುವಾರ, ರೊಸ್ಸಾನಾ ಕಾರು ತರುತ್ತಾಳೆ. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಕಣ್ಣೀರು ಸುರಿಸಿದೆ. ಸದ್ದಿಲ್ಲದೆ ಅಳುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಮರುದಿನ ಬೆಳಗ್ಗೆ ಏಳಕ್ಕೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೂವಿನ ಅಂಗಿ, ಕೈಯಲ್ಲಿ ಚೀಲ.

"ಚಪ್ಪಲಿ ಹಾಕ್ಕೋ. ಊರು ತೋರಿಸ್ತೀನಿ."

ನಾನು ನನ್ನ ಎದೆ ಮುಟ್ಟಿಕೊಂಡೆ, ನನಗಾ ಎಂಬಂತೆ.

"ಮತ್ತಿನ್ಯಾರಿಗೆ? ಲೋಕಕ್ಕೆಲ್ಲ ತೋರಿಸ್ದೆ. ನಿಂಗೆ ಯಾರು ತೋರಿಸಿದಾರೆ?"

ತೆಸ್ಸಾ ನನ್ನ ಹಸಿರು ಕೊಡೆ ತಂದು ಅವರ ಕೈಗೆ ಕೊಟ್ಟಳು. "ಅಜ್ಜಿ, ಇದು ಎತ್ತಿ ಹಿಡಿ. ಇಲ್ಲಾಂದ್ರೆ ನಿನ್ನ ಗುಂಪು ತಪ್ಪಿಸ್ಕೊಳುತ್ತೆ."

ಅತ್ತೆ ನಿಜವಾಗಿಯೂ ಎತ್ತಿ ಹಿಡಿದರು. ತರಕಾರಿ ಅಂಗಡಿಯವನು ನಗುತ್ತಾ ಕೇಳಿದ: "ಏನ್ ಜೆಲಿಂದಮ್ಮ, ಲೈಸೆನ್ಸ್ ಇದೆಯಾ?"

"ಇವಳ ಹತ್ರ ಇದೆ. ಬಾಯಿ ನಂದು, ಲೈಸೆನ್ಸ್ ಇವಳ್ದು," ಎಂದರು.

ನದಿಯ ದಂಡೆಯಲ್ಲಿ ಅವರ ಅಮ್ಮ ಹೋಟೆಲಿನ ಹಾಸಿಗೆಬಟ್ಟೆ ಒಗೆಯುತ್ತಿದ್ದ ಮೆಟ್ಟಿಲು ತೋರಿಸಿದರು. ಒಂದು ಅರಮನೆಯ ಮುಂದೆ ನಿಂತು, "ಇದನ್ನ ಕಟ್ಟಿಸ್ದೋನು ಎದುರಿನೋನ ಮೇಲೆ ಹೊಟ್ಟೆಕಿಚ್ಚಿಗೆ ಒಂದು ಕಿಟಕಿ ಜಾಸ್ತಿ ಇಡಿಸ್ದ," ಎಂದರು. ಸುಳ್ಳು. ಎದುರಿನ ಮನೆ ಇನ್ನೂರು ವರ್ಷ ಆಮೇಲಿನದು. ಒಂದು ಇಗರ್ಜಿಯಲ್ಲಿ ಸಂತ ಲೊರೆಂಜೋನನ್ನು ತೋರಿಸಿ ಸಂತ ಸ್ತೆಫಾನೋ ಎಂದರು. ತನ್ನನ್ನು ಸುಟ್ಟ ಅಷ್ಟು ದೊಡ್ಡ ಕಬ್ಬಿಣದ ಕಾವಲಿಯನ್ನೇ ಗುರುತಿಗೆಂದು ಕೈಯಲ್ಲಿ ಹಿಡಿದು ನಿಂತಿದ್ದಾನೆ ಲೊರೆಂಜೋ, ಪಾಪ. ನನ್ನ ನಾಲಿಗೆ ಹಲ್ಲಿಗೆ ಬಡಿಯಿತು. ಅತ್ತೆ ಓರೆಗಣ್ಣಲ್ಲಿ ನನ್ನನ್ನು ನೋಡಿದರು.

"ತಪ್ಪು ಹೇಳ್ದೆ, ಅಲ್ವಾ? ಹೇಳು ನೋಡೋಣ. ಆಗಲ್ವಾ? ಹಂಗಾದ್ರೆ ಇವತ್ತಿಗೆ ಇವನು ಸ್ತೆಫಾನೋನೇ."

ಕೊನೆಗೆ ನಮ್ಮ ಬೀದಿಯ ತುದಿಯ ಹಳೆಯ ಸನ್ಯಾಸಿನಿ ಮಠಕ್ಕೆ ಬಂದೆವು. ಅಲ್ಲಿ ಈಗ ಸನ್ಯಾಸಿನಿಯರಿಲ್ಲ. ಅವರ ಊಟದ ಕೋಣೆಯ ಗೋಡೆಯಲ್ಲಿ ಯೇಸುವಿನ ಕೊನೆಯ ಊಟದ ಚಿತ್ರವಿದೆ. ಪ್ರವಾಸಿಗಳನ್ನು ನಾನು ಸಾವಿರ ಸಲವಾದರೂ ಅಲ್ಲಿಗೆ ಕರೆದೊಯ್ದಿದ್ದೇನೆ. ಅತ್ತೆ ಒಂದು ಸಲವೂ ನನ್ನ ಜೊತೆ ಬಂದಿರಲಿಲ್ಲ. 'ನೋಡಿದೀನಿ,' ಎನ್ನುತ್ತಿದ್ದರು, ಅಷ್ಟೇ.

ಉದ್ದನೆಯ ಮೇಜು, ಬಿಳಿ ಮೇಜುಬಟ್ಟೆ, ಒಂದೇ ಸಾಲಿನಲ್ಲಿ ಕೂತ ಶಿಷ್ಯರು. ಎಡತುದಿಯಲ್ಲಿ ಕೂತವನ ಬಲಗೈ ಕಾಣುವುದಿಲ್ಲ, ಮಣಿಕಟ್ಟು ಮೇಜುಬಟ್ಟೆಯ ಕೆಳಗೆ ಹೋಗಿದೆ. ಪ್ರತಿ ಗುಂಪಿನಲ್ಲೂ ಯಾರಾದರೊಬ್ಬರು ಆ ಕೈ ಎಲ್ಲಿ ಎಂದು ಕೇಳುತ್ತಾರೆ. ನನ್ನ ಉತ್ತರ ಸಿದ್ಧ: ಗೋಡೆಗೆ ತೇವ ಹಿಡಿದು ಅಲ್ಲಿಯ ಗಾರೆ ಉದುರಿತು, ನಂತರದವರು ತೇಪೆ ಹಾಕಿ ಬರೀ ಬಟ್ಟೆಯ ಬಣ್ಣ ಬಳಿದರು, ಕೈ ಗಾರೆಯ ಜೊತೆ ಹೋಯಿತು, ಮುಂದಕ್ಕೆ ಬನ್ನಿ.

ಅತ್ತೆ ಆ ತುದಿಗೇ ಹೋಗಿ ನಿಂತರು. ಬೆಂಚಿತ್ತು, ಕೂರಲಿಲ್ಲ.

"ಯುದ್ಧ ಮುಗಿದ ಮರುವರ್ಷ ಇಲ್ಲಿ ಮಕ್ಕಳಿಗೆ ಗಂಜಿ ಹಾಕ್ತಿದ್ರು," ಎಂದರು. "ನಂಗೆ ಏಳು. ನನ್ನ ಜಾಗ ಇದೇ, ಇವನ ಕೆಳಗೆ. ಒಬ್ಬೊಬ್ರಿಗೆ ಒಂದು ಸೌಟು ಗಂಜಿ, ಒಂದು ತುಂಡು ಬ್ರೆಡ್ಡು. ಇಲ್ಲೇ ತಿನ್ಬೇಕು, ಮನೆಗೆ ಒಯ್ಯೋ ಹಾಗಿಲ್ಲ. ಒಯ್ದವರಿಗೆ ನಾಳೆಯಿಂದ ಇಲ್ಲ. ನಮ್ಮಮ್ಮ ಹೇಳಿದ್ಲು, ಬ್ರೆಡ್ಡು ತೋಳೊಳಗೆ ಇಟ್ಕೊಂಡು ಬಾ, ನಾನ್ನಿಗೆ ಬೇಕು ಅಂತ."

ನಾನ್ನಿ ಯಾರೆಂದು ನನಗೆ ಗೊತ್ತಿತ್ತು. ಅತ್ತೆಯ ಕಪಾಟಿನ ಮೇಲೆ ಅವನ ಪಟವಿದೆ. ದೊಡ್ಡ ಕಣ್ಣಿನ ಮೂರು ವರ್ಷದ ಮಗು, ಅತ್ತೆಯ ತಮ್ಮ. ಆ ಚಳಿಗಾಲ ದಾಟಲಿಲ್ಲ. ಇಷ್ಟು ಮಾತ್ರ ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಹೆಚ್ಚು ಕೇಳಿರಲಿಲ್ಲ.

"ಒಂದಿನ ತೋಳೊಳಗೆ ತುರುಕ್ತಿದ್ದೆ, ಸಿಸ್ಟರ್ ಕ್ರೋಚಿಫಿಸ್ಸಾ ನೋಡಿಬಿಟ್ರು. ದೊಡ್ಡ ಹೆಂಗಸು, ಮೀಸೆ ಇತ್ತು. ಹೊಡೀತಾರೆ ಅಂದ್ಕೊಂಡೆ. ಬಗ್ಗಿ ಕಿವೀಲಿ ಹೇಳಿದ್ರು: 'ಅಲ್ನೋಡು, ಆ ಕೊನೆಯೋನು. ಅವನೂ ಮೇಜುಬಟ್ಟೆ ಕೆಳಗೆ ಬ್ರೆಡ್ಡು ಅಡಗಿಸ್ಕೊಂಡಿದಾನೆ, ಮನೇಲಿ ಯಾರೋ ಹಸಿದಿರ್ಬೇಕು. ಅದೇ ಮೇಜಲ್ಲಿ ದೇವರೇ ಕೂತಿದಾನೆ, ಅವನನ್ನ ಏನೂ ಅಂದಿಲ್ಲ. ನಾನು ಯಾವೂರ ದಾಸಯ್ಯ ನಿನ್ನನ್ನ ಅನ್ನೋಕೆ?'"

ಆ ಮಣಿಕಟ್ಟನ್ನು ನೋಡಿದೆ. ಗಾರೆ, ತೇಪೆ, ಬಣ್ಣ ಎಲ್ಲ ನನಗೆ ಗೊತ್ತು. ಆದರೂ ಆ ಬಟ್ಟೆಯ ಕೆಳಗೆ ಏನೋ ಉಬ್ಬಿದಂತೆ ಕಂಡಿತು.

ನಾನು ಅತ್ತೆಯ ತೋಳು ಹಿಡಿದು ಅಲ್ಲಾಡಿಸಿದೆ. ಆಮೇಲೆ? ಆ ಬ್ರೆಡ್ಡು?

ಅಷ್ಟರಲ್ಲಿ ಯಾವುದೋ ಗುಂಪು ಒಳಗೆ ಬಂತು. ಅತ್ತೆ ಕೊಡೆ ಮಡಿಚಿದರು. "ನಡಿ, ಬೀನ್ಸ್ ನೆನೆಹಾಕಿ ಬಂದಿದೀನಿ."

ಮೆಟ್ಟಿಲು ಹತ್ತುವಾಗ ನಾನು ಚೀಲ ತೆಗೆದುಕೊಂಡೆ. ಎರಡನೇ ಮಹಡಿಯಲ್ಲಿ ಅವರು ಉಸಿರಿಗಾಗಿ ನಿಂತರು.

"ಇದನ್ನ ಯಾಕೆ ಮುಂಚೆ ಹೇಳ್ಲಿಲ್ಲ ಅಂತ ನಿನ್ನ ಮುಖ ಕೇಳ್ತಿದೆ," ಎಂದರು. "ಯಾವಾಗ ಹೇಳೋದು ತಾಯಿ? ನೀನು ಬಾಯಿ ಮುಚ್ಚಿದ್ದು ಇದೇ ಮೊದಲು."

*

ಆಮೇಲಿನ ಮೂರು ವಾರ ನಾನು ಅವರ ಜೊತೆ ಬೆಳಗ್ಗೆ ಐದೂವರೆಗೇ ಎದ್ದೆ. ಚೀಲ ಹೊತ್ತೆ, ಕಾಲರು ಉಜ್ಜಿದೆ. ಬೀನ್ಸ್ ಬೇಯಿಸುವಾಗ ನೀರು ಕುದಿಯಬಾರದು, ಮುಗುಳ್ನಗಬೇಕು ಎಂದು ಅವರು ಹೇಳಿಕೊಟ್ಟರು. ಸಿಡುಕು ಹೋಗಲಿಲ್ಲ, ನಿಂತು ತಿನ್ನುವುದೂ ನಿಲ್ಲಲಿಲ್ಲ. ಪ್ರಾತೋಗೆ ಒಯ್ಯುವ ಪೆಟ್ಟಿಗೆ ಬಾಗಿಲ ಬಳಿ ಬಂತು. ಮೊದಲು ಖಾಲಿ ಇತ್ತು, ಆಮೇಲೆ ಉಲ್ಲನ್ ಬಟ್ಟೆ ಸೇರಿತು, ಕಡೆಗೆ ನಾನ್ನಿಯ ಪಟವೂ ಕಪಾಟಿನ ಮೇಲಿಂದ ಇಳಿಯಿತು.

ಆರನೇ ತಾರೀಖು ಡಾಕ್ಟರು ಕನ್ನಡಿ ಇಳಿಸಿದರು. "ಆ ಅನ್ನಿ," ಎಂದರು. ಅಂದೆ. ಬಾಗಿಲು ಕಿರುಗುಟ್ಟಿದ ಸದ್ದು ಬಂತು. ಅವರು ನಕ್ಕರು. "ಬದುಕಿದ್ರಿ. ನಾಳೆ ಒಂದಿನ ಬಿಟ್ಟು, ಭಾನುವಾರದಿಂದ ದಿನಕ್ಕೆ ಐದು ನಿಮಿಷ. ಗಡಿಯಾರ ನೋಡ್ಕೊಂಡು. ಇನ್ನು ಇಗರ್ಜಿಯಲ್ಲಿ ಕೂಗೋದಿಲ್ಲ, ಮೈಕು ಇಟ್ಕೊಳ್ಳಿ."

ನಾನು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಡಲು ಮನಸ್ಸಾಗಲಿಲ್ಲ.

ಏಳರ ಸಂಜೆ ಬೀದಿಯಲ್ಲಿ ಮಕ್ಕಳು ಕೋಲಿಗೆ ಕಾಗದದ ಕಂದೀಲು ಕಟ್ಟಿಕೊಂಡು ಹಾಡುತ್ತಾ ಹೋದರು. ಅತ್ತೆ ಕಿಟಕಿಯಲ್ಲಿ ನಿಂತು ನೋಡಿದರು. ನಾನು ಪಕ್ಕದಲ್ಲಿ ನಿಂತೆ. ಗಾಜಿನ ಮೂಲೆಯನ್ನು ಅವರು ಬೆರಳಲ್ಲಿ ಮುಟ್ಟಿದರು, ಏನೂ ಅನ್ನಲಿಲ್ಲ.

ಭಾನುವಾರ ರೊಸ್ಸಾನಾ ಹನ್ನೆರಡಕ್ಕೇ ಬಂದಳು. "ನನ್ನ ಮನೆ ಗೆಸ್ಟ್ ರೂಮಿಗೆ ಹೊಸ ಪರದೆ ಹಾಕಿಸಿದೀನಿ ಅಮ್ಮ," ಎಂದಳು. ಬೀನ್ಸ್ ಕಾಳು, ಆಲಿವ್ ಎಣ್ಣೆ, ಉಪ್ಪಿಲ್ಲದ ನಮ್ಮ ಬ್ರೆಡ್ಡು, ಜೊತೆಗೆ ಮತ್ತೆ ಅದೇ ಟೊಮೆಟೊ ಗಂಜಿ. ಎಲ್ಲರೂ ಕೂತರು. ಅತ್ತೆ ತಟ್ಟೆ ಹಿಡಿದು ಕಿಟಕಿ ಕಟ್ಟೆಯ ಕಡೆ ಹೊರಟರು.

ಐದು ವಾರ ಒಳಗೊಳಗೇ ಹೆಣೆದ ದೊಡ್ಡ ಮಾತೊಂದಿತ್ತು ನನ್ನಲ್ಲಿ. ತೆಸ್ಸಾ ಫೋನಿನಲ್ಲಿ ಸಮಯ ಇಟ್ಟು, "ಶುರು ಅಮ್ಮ," ಎಂದಳು. ಆ ದೊಡ್ಡ ಮಾತು ಎಲ್ಲಿ ಹೋಯಿತೋ.

"ಕೂತ್ಕೊಳ್ಳಿ ಅತ್ತೆ," ಎಂದೆ.

ನನ್ನ ಧ್ವನಿಯಲ್ಲ ಅದು. ಇಳಿದು, ಒರಟಾಗಿ, ಯಾರೋ ಮುದುಕನ ಧ್ವನಿಯಂತಿತ್ತು. ವಿಯೇರಿ ಮುಖ ಆ ಕಡೆ ತಿರುಗಿಸಿಕೊಂಡ.

"ಇದ್ಯಾರೇ ಮಾತಾಡಿದ್ದು?" ಎಂದರು ಅತ್ತೆ.

"ನಾನೇ. ಅವತ್ತು ತಪ್ಪು ಅಂದೆ ಅತ್ತೆ. ಈ ಮನೇಲಿ ಕೂತು ತಿಂದೋಳು ನಾನು. ನಿಂತು ಬಡಿಸಿದ್ದು ನೀವು."

ಅತ್ತೆ ತಟ್ಟೆ ಹಿಡಿದೇ ನಿಂತಿದ್ದರು. "ಇನ್ನೆಷ್ಟು ಹೊತ್ತಿದೆ ಇವಳ ಬಾಯಿಗೆ?"

"ನಾಲ್ಕು ನಿಮಿಷ ಚಿಲ್ಲರೆ," ಎಂದಳು ತೆಸ್ಸಾ.

"ಹಂಗಾದ್ರೆ ಕೇಳೋದನ್ನ ಕೇಳು. ಮೂರು ವಾರದಿಂದ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡವಳ ಥರ ಓಡಾಡ್ತಿದೀಯ."

ಚಮಚ ಕೆಳಗಿಟ್ಟೆ.

"ಆ ಬ್ರೆಡ್ಡು ನಾನ್ನಿಗೆ ಸಿಕ್ತಾ?"

ಅತ್ತೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಕುರ್ಚಿ ಎಳೆದರು. ಅದರ ಮೇಲಿನ ಇಸ್ತ್ರಿ ಬಟ್ಟೆಯನ್ನು ವಿಯೇರಿ ತಬ್ಬಿ ಎತ್ತಿಕೊಂಡ. ಅವರು ಮೊಣಕಾಲು ಹಿಡಿದು ಮೆಲ್ಲಗೆ ಕೂತರು.

"ಮೊದಮೊದಲು ಸಿಕ್ತು," ಎಂದರು. "ಕೊನೇಲಿ ಮೂರು ದಿನ ಸಿಗ್ಲಿಲ್ಲ. ಬೀದಿ ತಿರುವಲ್ಲಿ, ಈಗ ವಿಯೇರಿ ಅಂಗಡಿ ಇರೋ ಕಡೆ, ಒಂದು ಮೆಟ್ಟಿಲಿತ್ತು. ಅಲ್ಲಿ ಕೂತು ನಾನೇ ತಿಂದೆ. ಸಿಸ್ಟರ್ ಕಿತ್ಕೊಂಡ್ರು ಅಂತ ಅಮ್ಮನ ಹತ್ರ ಹೇಳ್ದೆ. ಆಮೇಲೆ ಅವನು ಹೋದ. ಬ್ರೆಡ್ಡಿಂದ ಉಳೀತಿರಲಿಲ್ಲ, ನ್ಯುಮೋನಿಯಾ ಅದು. ಗೊತ್ತು ನಂಗೆ. ಆದ್ರೂ."

ರೊಸ್ಸಾನಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಇದು ಗೊತ್ತಿರಲಿಲ್ಲ.

"ಅವತ್ತು ನೀನು 'ಕೂತು ತಿಂತೀರಿ' ಅಂದೆಯಲ್ಲ," ಎಂದು ಅತ್ತೆ ನನ್ನ ಕಡೆ ನೋಡಿದರು. "ನಂಗೆ ಅನ್ನಿಸಿದ್ದು ಒಂದೇ. ಇವಳಿಗೆ ಹೆಂಗೆ ಗೊತ್ತಾಯ್ತು ಅಂತ."

ನನ್ನ ಹತ್ತಿರ ಇನ್ನೂ ನಿಮಿಷಗಳಿದ್ದವು. ಬ್ರೆಡ್ಡಿನಿಂದ ಒಂದು ತುಂಡು ಮುರಿದು ಅವರ ತಟ್ಟೆಯ ಅಂಚಿಗಿಟ್ಟೆ. ಅವರು ಅದನ್ನು ಗಂಜಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು.

"ಅಮ್ಮ, ಪರದೆ..." ಎಂದಳು ರೊಸ್ಸಾನಾ ಮೆಲ್ಲಗೆ.

"ಪರದೆ ಎಲ್ಲಿಗೂ ಓಡಿಹೋಗಲ್ಲ ಬಿಡೇ. ಕ್ರಿಸ್ಮಸ್ಸಿಗೆ ಬರ್ತೀನಿ," ಎಂದರು ಅತ್ತೆ. "ವಿಯೇರಿ, ಆ ಪೆಟ್ಟಿಗೆ ಬಾಗಿಲಲ್ಲಿ ಯಾಕಿದೆ? ಜನ ಎಡವಲ್ವಾ? ಪಟ ತೆಗೆದು ಕಪಾಟಿನ ಮೇಲಿಡು." ಆಮೇಲೆ ತೆಸ್ಸಾಳ ಕಡೆ ತಿರುಗಿದರು. "ಎಷ್ಟು ಉಳೀತು?"

"ಎರಡು ನಿಮಿಷ ಅಜ್ಜಿ."

"ಇಟ್ಕೊಳ್ಳಲಿ, ನಾಳೆಗೆ ಬೇಕಾಗುತ್ತೆ. ಸಂತ ಸ್ತೆಫಾನೋ ವಿಷಯ ತಿದ್ದೋಕೆ ಇವಳಿಗೆ ಒಂದು ವಾರ ಬೇಕು." ತಟ್ಟೆಯನ್ನು ನನ್ನ ಕಡೆ ಚಾಚಿದರು. "ಇನ್ನೊಂದು ಸೌಟು ಹಾಕು."

ನಾನು ಎದ್ದು ಬಡಿಸಿದೆ. ಎದುರುಮನೆಯ ಕಿಟಕಿಯಲ್ಲಿ ರೇಡಿಯೋ ಮತ್ತೆ ಜೋರಾಯಿತು. ಅತ್ತೆ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಯಾವ ಅವಸರವೂ ಇಲ್ಲದೆ, ಕೂತು ತಿಂದರು.